ಮಾವಿನ ಮರದ ಮೇಲೆ ಮೂರು ಬೆರಳ ಸುಣ್ಣ

ಮಾವಾ,

ನಿಮ್ಮ ಸ್ಲೇಟು ಒಡೆದುಹೋಯಿತು, ಅದಕ್ಕೇ ಕಾಗದದಲ್ಲಿ ಬರೀತಿದ್ದೀನಿ. ಚಿನ್ನದ ಗಣಿಯೊಳಗೆ ಡ್ರಿಲ್ ಹಿಡಿದು ಹಿಡಿದು ಕಿವಿ ಕಳೆದುಕೊಂಡಿದ್ದ ನಿಮ್ಮ ಜೊತೆ, ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಬಳಪದಲ್ಲೇ ಮಾತಾಡಿದವಳು ನಾನು. "ಊಟಕ್ಕೆ ಬನ್ನಿ." "ಕರಿ ಹಸು ಮೇವು ಮುಟ್ಟಿಲ್ಲ." "ನಿಮ್ಮ ಮಗನಿಗೆ ಮತ್ತೆ ಟ್ರೈನು ತಪ್ಪಿತು." ನೀವು ಕಣ್ಣು ಕಿರಿದು ಮಾಡಿಕೊಂಡು ಓದಿ, ಇಡೀ ಬೀದಿಗೆ ಕೇಳೋ ಹಾಗೆ ಉತ್ತರ ಕೊಡ್ತಿದ್ದಿರಿ. ನಮ್ಮ ಮನೆಯ ಗುಟ್ಟೊಂದೂ ಊರಿಗೆ ಗೊತ್ತಿಲ್ಲದೆ ಉಳಿಯಲಿಲ್ಲ ಬಿಡಿ, ನಿಮ್ಮ ದಯೆಯಿಂದ. ಹಾಗಾಗಿ ನಿಮಗೆ ಬರೆಯೋದು ನನಗೇನೂ ಹೊಸದಲ್ಲ. ಆ ಕಡೆಯಿಂದ ಕೂಗು ಬರಲ್ಲ ಅನ್ನೋದಷ್ಟೇ ಹೊಸದು.

ನೀವು ಹೋಗಿ ಎರಡು ಕಾರ್ತಿಕ ಕಳೆಯಿತು. ಇಷ್ಟು ದಿನ ಬರೆಯದವಳು ಈಗ ಯಾಕೆ ಕೂತೆ ಅಂದರೆ, ವಿಷಯ ಮರದ್ದು. ಮನೆ ಮುಂದಿನ ಮಾವಿನ ಮರ. ಸಂಕ್ರಾಂತಿಯಿಂದ ಈಚೆಗೆ ನನ್ನ ಎದೆ ನೆಟ್ಟಗೆ ಬಡಿದುಕೊಂಡಿದ್ದೇ ಇಲ್ಲ ಮಾವ. ಗಾಳಿ ಬೀಸಿದರೆ ಸಾಕು, ಒಲೆ ಮೇಲಿರೋ ಸಾರನ್ನೂ ಬಿಟ್ಟು ಬಾಗಿಲಿಗೆ ಓಡಿ ಬರ್ತೀನಿ. ನಿಮ್ಮ ಮಗ ನಗ್ತಾರೆ. ನಗಲಿ, ಅವರು ಬೆಳಿಗ್ಗೆ ಬಂಗಾರಪೇಟೆಯಲ್ಲಿ ಟ್ರೈನು ಹತ್ತಿ ಮಾಲೂರಿನ ಫ್ಯಾಕ್ಟರಿಗೆ ಹೋಗಿಬಿಡ್ತಾರೆ. ಮರದ ಕೆಳಗೆ ಇರೋಳು ನಾನು.

ಸಂಕ್ರಾಂತಿ ಮುಗಿದ ವಾರ ಗೌರಿ ಬೆನ್ನ ಮೇಲೆ ಹಿಟ್ಟು ಬಿದ್ದಿತ್ತು. ಗೌರಿ ಅಂದರೆ ಕರಿ ಹಸುವಿನ ಕರು, ನೀವು ನೋಡಿಲ್ಲ. ಕಪ್ಪು ಬೆನ್ನಿನ ಮೇಲೆ ಹಳದಿ ಹಿಟ್ಟು. ಯಾರೋ ಮಕ್ಕಳು ಕಡಲೆಹಿಟ್ಟು ಎರಚಿದಾರೆ ಅಂದ್ಕೊಂಡು ಒರೆಸಿದೆ. ಮಾರನೇ ದಿನ ಮತ್ತೆ. ತಲೆ ಎತ್ತಿ ನೋಡ್ತೀನಿ, ಪಡುವಣ ಕಡೆಯ ದೊಡ್ಡ ಕೊಂಬೆ ಕಾಂಡಕ್ಕೆ ಸೇರೋ ಜಾಗದಲ್ಲಿ ಬೆರಳು ತೂರುವಷ್ಟು ತೂತುಗಳು. ಒಂದರಿಂದ ಅಂಟು ಇಳೀತಿದೆ, ಇನ್ನೊಂದರಿಂದ ಪುಡಿ. ಕಿವಿ ಇಟ್ಟೆ. ಒಳಗೆ ಯಾರೋ ಕೂತು ಹುರಿಗಡಲೆ ತಿಂದ ಹಾಗೆ ಕರಕರ, ಕರಕರ. ಇಷ್ಟು ದೊಡ್ಡ ಮರವನ್ನ ಒಳಗಿಂದ ಯಾರೋ ತಿಂತಿದ್ದಾರೆ, ನಾವು ಅದರ ಕೆಳಗೆ ಹಾಲು ಅಳೀತಿದ್ದೀವಿ!

ಹೌದು, ಹಾಲಿನ ವಿಷಯ ನಿಮಗೆ ಗೊತ್ತಿಲ್ಲ ಅಲ್ವಾ? ಅದಕ್ಕೆ ಮೊದಲು ಆ ನಾಮದ ದಿನದಿಂದ ಹೇಳಬೇಕು. ನಿಮಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಸ್ಲೇಟು ಕೊಟ್ಟರೆ ಎಡಗೈಯಲ್ಲಿ ಬರೀ ಗೀರು ಎಳೆದು ಬಿಸಾಕ್ತಿದ್ದಿರಿ. ಒಡೆದಿದ್ದೂ ಹಾಗೇ. ಒಂದು ದಿನ ನೋಡ್ತೀನಿ, ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಮೂರು ಬೆರಳು ಅದ್ದಿ, ಮರದ ಪಡುವಣ ಮಗ್ಗುಲಿಗೆ ಮೇಲಿಂದ ಕೆಳಕ್ಕೆ ಮೂರು ಪಟ್ಟೆ ಎಳೆದಿದ್ದೀರಿ. ಎದುರುಮನೆ ಮುನಿಯಮ್ಮ ನೋಡಿದ್ದೇ ಕೈ ಮುಗಿದಳು. "ಅಬ್ಬಬ್ಬಬ್ಬಾ, ವೆಂಕಟ್ರಮಣನ ನಾಮ ಕಣ್ರೇ! ಮಾತು ಓದ್ರೂ ದ್ಯಾವ್ರ ಗ್ಯಾನ ಓಗಿಲ್ಲ ನೋಡು ರಾಮಣ್ಣಂಗೆ!" ಮನೆದೇವರಲ್ವಾ, ನಾವೂ ಕೈ ಮುಗಿದೆವು. ನೀವು ನಮ್ಮ ಮುಖ ಒಬ್ಬೊಬ್ಬರದಾಗಿ ನೋಡ್ತಾ ಏನೋ ಗೊಣಗಿದಿರಿ. ಕಣ್ಣಲ್ಲಿ ನೀರಿತ್ತು.

ನೀವು ಹೋದ ಮೇಲೆ ನಾನು ಆ ನಾಮ ಅಳಿಸಿಹೋಗೋಕೆ ಬಿಡಲಿಲ್ಲ. ನಡುವಿನ ಪಟ್ಟೆಗೆ ಕುಂಕುಮ ಇಟ್ಟೆ, ಶನಿವಾರ ಶನಿವಾರ ಹೂವು ಮುಡಿಸಿದೆ, ಯುಗಾದಿಗೆ ಹೊಸ ಸುಣ್ಣ ಬಳಿದೆ. ಅಳಿಸದೆ ಉಳಿದಿದ್ದ ನಿಮ್ಮ ಕೈಗುರುತು ಅದೊಂದೇ ಅಲ್ವಾ? ಆಮೇಲೆ ಊರವರು ಡೇರಿಗೆ ಹಾಲು ಹಾಕೋ ಜಾಗದ ಸೂರು ಸೋರೋಕೆ ಶುರುವಾಯಿತು. "ನಾಮದ ಕೆಳಗೆ ಆಲು ಅಳೆದ್ರೆ ಎಲ್ರಿಗೂ ಒಳ್ಳೇದು" ಅಂದಳು ಮುನಿಯಮ್ಮ. ಎಲ್ಲರೂ ಒಪ್ಪಿದರು. ಮೇಜು ಅಲ್ಲಿಗೇ ಬಂತು, ಕೂರೋಕೆ ಸಿಮೆಂಟಿನ ಬೆಂಚೂ ಬಂತು. ಬೆಳಿಗ್ಗೆ ಸಾಯಂಕಾಲ ಅರ್ಧ ಊರಿನ ಹೆಂಗಸರು ಕ್ಯಾನು ಹಿಡಿದು ನಿಲ್ಲೋದು ಸರಿಯಾಗಿ ಆ ಕೊಂಬೆಯ ಕೆಳಗೆ.

ನಿಮ್ಮ ಮಗನಿಗೆ ತೂತು ತೋರಿಸಿದ ದಿನ ಅವರು ಒಂದೇ ಮಾತಲ್ಲಿ ಮುಗಿಸಿದರು. "ಕಡಿಸ್ಬಿಡಾನ ಕಣೇ ಪದ್ಮಾ. ಬೀಳೋಕ್ ಮುಂಚೆ ಕಡಿಸಿದ್ರೆ ಸೌದೆ. ಯಾರ್ ಮ್ಯಾಲಾನಾ ಬಿದ್ರೆ ಪೊಲೀಸು." ಕಾಮಸಮುದ್ರದಿಂದ ಮರದ ವ್ಯಾಪಾರಿಯನ್ನೂ ಕರಕೊಂಡು ಬಂದರು. ಅವನು ಮರ ಸುತ್ತಿ ಬಂದವನು ಕುಂಕುಮ ಕಂಡು ಚಪ್ಪಲಿ ಬಿಟ್ಟ. "ನಾಮ ಇರೋ ಮರಕ್ಕೆ ನಾನು ಕೊಡ್ಲಿ ಆಕಲ್ಲ ತಾಯಿ" ಅಂತ ಬಂದ ದಾರಿಯಲ್ಲೇ ಹೋದ. ಒಳಗೊಳಗೆ ನನಗೆ ಎಷ್ಟು ಖುಷಿ! ಮಾವ ಕೊನೆಗಾಲದಲ್ಲಿ ಹಾಕಿದ ನಾಮವೇ ಮಾವನ ಮರ ಕಾಯ್ತಿದೆ ಅಂದ್ಕೊಂಡೆ. ಅದೇ ಸಂಜೆ ಆ ಕೊಂಬೆ ಕೆಳಗೆ ನಿಂತಿದ್ದ ಹೆಂಗಸರನ್ನ ನೋಡಿ ಖುಷಿಯೆಲ್ಲ ಇಳಿದುಹೋಯಿತು. ನಾನು ಕುಂಕುಮ ಇಟ್ಟಿದ್ದಕ್ಕೇ ಮರ ಉಳಿದು, ನಾಳೆ ಅದು ಇವರಲ್ಲಿ ಯಾರ ಮೇಲಾದರೂ...

ಆಗ ರಾಬರ್ಟ್‌ಸನ್‌ಪೇಟೆಗೆ ಬಸ್ಸು ಹತ್ತಿದೆ. ಔಷಧಿ ಅಂಗಡಿಯವನಿಗೆ "ಮರಕ್ಕೆ ಹುಳ" ಅಂದೆ, ಅವನು ಒಂದು ಬಾಟಲಿ ಕೊಟ್ಟ. ಎಂಥ ಹುಳ, ಎಲ್ಲಿದೆ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೈಗೆ ಸಿಕ್ಕಿದ ಕಡೆಗೆಲ್ಲ ಹೊಡೆಸಿದೆ, ವಾರ ಬಿಟ್ಟು ಮತ್ತೆ ಹೊಡೆಸಿದೆ. ನಿಮ್ಮ ಕೆಂಜಿಗ ಎಲ್ಲ ಸತ್ತವು ಮಾವ. ಎಲೆ ಎಲೆ ಸೇರಿಸಿ ಹೊಲಿದು ಗೂಡು ಕಟ್ಟಿಕೊಂಡಿದ್ದ ಆ ಕೆಂಪಿರುವೆಗಳು ಹಿಡಿ ಹಿಡಿಯಾಗಿ ಉದುರಿದವು. ಕಾಯಿ ಕೀಳೋಕೆ ಹತ್ತಿದಾಗ ನಿಮ್ಮ ಕುತ್ತಿಗೆಯೆಲ್ಲ ಕಚ್ಚಿ ಕೆಂಪು ಮಾಡ್ತಿದ್ದವಲ್ಲ, ಆಗಲೂ ನೀವು, "ಕಚ್ಲಿ ಬುಡಮ್ಮ, ಕೂಲಿ ಇಲ್ದೆ ಮರ ಕಾಯ್ತಾವೆ, ಕಚ್ಚೋ ಅಕ್ಕು ಐತೆ ಅವ್ಕೆ" ಅಂತಿದ್ದಿರಿ. ಅವೆಲ್ಲ ಬೆಂಚಿನ ಮೇಲೆ ಬಿದ್ದಿದ್ದವು. ಪೊರಕೆಯಲ್ಲಿ ಗುಡಿಸಿ ಹಾಕಿದೆ.

ಹೂ ಬಿಟ್ಟ ಕಾಲಕ್ಕೆ ಇನ್ನೊಂದು ಗೊತ್ತಾಯಿತು. ಮರದ ತುಂಬ ಹೂವು, ಆದರೆ ಸದ್ದೇ ಇಲ್ಲ. ಬೇರೆ ವರ್ಷ ಅಂಗಳಕ್ಕೆ ಕಾಲಿಟ್ಟರೆ ಜೇನು, ನೊಣ, ಹೆಸರಿಲ್ಲದ ಸಣ್ಣ ಸಣ್ಣ ಹುಳ ಎಲ್ಲ ಸೇರಿ ಗುಂಯ್ ಅಂತಿದ್ದವು. ಈ ವರ್ಷ ಹೂವು ಹಾಗೇ ಒಣಗಿ ಉದುರಿತು. ಉಪ್ಪಿನಕಾಯಿಗೂ ಆಗುವಷ್ಟು ಕಾಯಿ ನಿಲ್ಲಲಿಲ್ಲ. ಗೌರಿ ಬೆನ್ನ ಮೇಲೆ ಪುಡಿ ಮಾತ್ರ ದಿನಾ ಬೀಳ್ತಾನೇ ಇತ್ತು. ಹೊರಗಿದ್ದವರನ್ನೆಲ್ಲ ಕೊಂದೆ, ಒಳಗಿದ್ದವನಿಗೆ ಒಂದು ಹನಿಯೂ ತಾಗಿರಲಿಲ್ಲ.

ತೋಟಗಾರಿಕೆ ಇಲಾಖೆಯ ಹುಡುಗಿಯೊಬ್ಬಳು ಪಕ್ಕದ ತೋಟಕ್ಕೆ ಸ್ಕೂಟಿಯಲ್ಲಿ ಬಂದಿದ್ದಳು. ಕೈ ಹಿಡಿದು ಎಳಕೊಂಡು ಬಂದೆ. ಬುಡದಲ್ಲಿ ಗೆದ್ದಲು ಕಟ್ಟಿದ್ದ ಮಣ್ಣನ್ನ ಉಗುರಲ್ಲಿ ಕೆರೆದು ತೋರಿಸಿದಳು. "ಇವು ಪಾಪದವು ಆಂಟಿ, ಸತ್ತ ತೊಗಟೆ ಮಾತ್ರ ತಿಂತಿವೆ. ಕಳ್ಳ ಇವನು" ಅಂತ ಫೋನಿನಲ್ಲಿ ಒಂದು ದುಂಬಿಯ ಫೋಟೋ ತೋರಿಸಿದಳು. ಬೂದಿ ಬಣ್ಣ, ಮೈಗಿಂತ ಉದ್ದದ ಮೀಸೆ, ಕತ್ತಿನ ಹಿಂದೆ ಎರಡು ಕಿತ್ತಳೆ ಚುಕ್ಕೆ. ನನಗೆ ಗುರುತು ಸಿಕ್ಕಿಬಿಟ್ಟಿತು! ಹೋದ ಮಳೆಗಾಲ ಜಗಲಿ ಬಲ್ಬಿಗೆ ಬಡಿದು ಬಿದ್ದಿದ್ದ, ನಾನೇ ಹೊರಗೆ ಗುಡಿಸಿದ್ದೆ. ಗಾಯವಾದ, ಸೊರಗಿದ ಮರ ಹುಡುಕಿಕೊಂಡು ಅದು ತೊಗಟೆ ಸಂದಿಯಲ್ಲಿ ಮೊಟ್ಟೆ ಇಡುತ್ತಂತೆ. ಮರಿಹುಳ ಒಳಗೇ ಕೊರೀತಾ, ತಿಂತಾ, ದಪ್ಪ ಆಗ್ತಾ ತಿಂಗಳುಗಟ್ಟಲೆ ಇರುತ್ತಂತೆ. ಮೇಲೆ ಹೊಡೆದ ಔಷಧಿ ಅದಕ್ಕೆ ಮುಟ್ಟೋದು ಹೇಗೆ?

"ಹಾಗಾದ್ರೆ ಇಂಥ ದರಿದ್ರ ಹುಳ ಭೂಮಿ ಮೇಲೆ ಯಾಕಿರಬೇಕು?" ಅಂತ ಸಿಟ್ಟಲ್ಲಿ ಕೇಳಿದೆ. ಅವಳು ನಕ್ಕಳು. "ಕಾಡಿಗೆ ಬೇಕು ಆಂಟಿ. ಇದು ತೂತು ಮಾಡಿಕೊಟ್ಟರೇ ಅಣಬೆ, ಗೆದ್ದಲು ಒಳಗೆ ಹೋಗೋದು, ಮುದಿ ಮರ ಮಣ್ಣಾಗೋದು. ಇವು ಇಲ್ಲದಿದ್ದರೆ ಬಿದ್ದ ಮರ ಬಿದ್ದ ಹಾಗೇ ಇರುತ್ತೆ, ಸಸಿಗೆ ಜಾಗವೇ ಇರಲ್ಲ." ಆಗ ನೀವು ನೆನಪಾದಿರಿ. ಕಾಮಸಮುದ್ರದ ಕಾಡಂಚಿಗೆ ಪೊರಕೆ ಕಡ್ಡಿ ತರೋಕೆ ಹೋದಾಗ ಬಿದ್ದ ದಿಮ್ಮಿಯೊಂದನ್ನ ಕೈಯಲ್ಲೇ ಸಿಗಿದು ತೋರಿಸಿದ್ದಿರಿ. ಒಳಗೆ ಹುಳ, ಇರುವೆ, ಕರಿ ಮಣ್ಣು, ಆ ಮಣ್ಣಲ್ಲೇ ಎರಡೆಲೆಯ ಒಂದು ಮೊಳಕೆ. "ಇಲ್ಲಿ ಮರ ಬಿದ್ರೆ ಯಾರ್ ತಲೆ ಮ್ಯಾಲೂ ಬೀಳಲ್ಲ ಕಣಮ್ಮ" ಅಂದಿದ್ದಿರಿ. ಸರಿ ಮಾವ. ನಮ್ಮ ಅಂಗಳ ಕಾಡಲ್ಲವಲ್ಲ, ನಾನೇನು ಮಾಡಲಿ?

ತೂತಿಗೆ ತಂತಿ ಬಿಟ್ಟು ಹುಳ ಎಳೆಯೋದು, ಸೀಮೆಎಣ್ಣೆ ಹತ್ತಿ ತುರುಕಿ ಮಣ್ಣು ಮೆತ್ತೋದು, ಎಲ್ಲ ಆ ಹುಡುಗಿಯೇ ಹೇಳಿಕೊಟ್ಟಳು. ಆದರೆ ನನಗೆ ಬೇಕಿದ್ದ ಒಂದು ಮಾತು ಅವಳಿಗೆ ಹೇಳೋಕಾಗಲಿಲ್ಲ. "ಒಳಗೆ ಎಷ್ಟು ಟೊಳ್ಳಾಗಿದೆ ಅಂತ ಹೊರಗಿಂದ ನನಗೆ ಗೊತ್ತಾಗಲ್ಲ ಆಂಟಿ, ಸುಳ್ಳು ಧೈರ್ಯ ಕೊಡಲ್ಲ" ಅಂದಳು. ಆ ಮಾತಿಗೇ ಅವಳ ಮೇಲೆ ಗೌರವ ಬಂತು. ಭಯ ಮಾತ್ರ ಇನ್ನೂ ಜಾಸ್ತಿ ಆಯಿತು.

ಕೊಟ್ಟಿಗೆ ಮೂಲೆಯಲ್ಲಿದ್ದ ನಿಮ್ಮ ಗಿಡ್ಡ ಕಂಬಿ ಕೈಗೆತ್ತಿಕೊಂಡಿದ್ದು ಆಗ. ನೀವು ಏನು ಸಿಕ್ಕಿದರೂ ತಟ್ಟೋರು. ಗೋಡೆ, ನೀರಿನ ತೊಟ್ಟಿ, ಹಲಸಿನ ಹಣ್ಣು, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಿಮ್ಮ ಮಗನ ತಲೆ. ಎಡ ಅಂಗೈ ಚಪ್ಪಟೆಯಾಗಿ ಇಟ್ಟು, ಬಲಗೈಯಲ್ಲಿ ಕಂಬಿ ತಟ್ಟಿ, ಕಣ್ಣು ಮುಚ್ಚಿ ನಿಲ್ಲೋದು. ಒಂದು ಸಲ ಸ್ಲೇಟಲ್ಲಿ ಕೇಳಿದ್ದೆ, "ಕಿವಿ ಕೇಳಲ್ಲ, ತಟ್ಟಿದರೆ ಏನು ತಿಳಿಯುತ್ತೆ?" ಅಂತ. ನೀವು ಹೊಟ್ಟೆ ಹಿಡಿದು ನಕ್ಕಿದ್ದಿರಿ. "ಒಳಗೆ ಡ್ರಿಲ್ ಸದ್ದಾಗೆ ಯಾವನಿಗ್ ಕಿವಿ ಕೇಳ್ತಿತ್ತಮ್ಮಾ? ಅಂಗೈಯಾಗೆ ಕೇಳಾದು. ಬಂಡೆ ಗಟ್ಟಿ ಇದ್ರೆ ಕಂಬಿ ಒದೀತದೆ, ಅಂಗೈ ಸುಮ್ಕಿರ್ತದೆ. ಪೊಳ್ಳಾಗಿದ್ರೆ ಅಂಗೈ ಕೆಳಗೆ ಇರುವೆ ಅರದಂಗಾಯ್ತದೆ." ನಾನೂ ಹಾಗೇ ಅಂಗೈ ಇಟ್ಟೆ, ತಟ್ಟಿದೆ. ಇರುವೆಯೂ ಇಲ್ಲ, ಏನೂ ಇಲ್ಲ. ನನ್ನ ಬಳೆ ಸದ್ದು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

ಕೊನೆಗೆ ನಿಮ್ಮ ಸೆಲ್ವಣ್ಣನ ಹತ್ತಿರ ಹೋದೆ. ನಿಮ್ಮ ಗ್ಯಾಂಗಿನ ಸೆಲ್ವಣ್ಣ, ಈಗಲೂ ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನ ಅದೇ ಮನೆಯಲ್ಲಿದ್ದಾರೆ. ತಗಡಿನ ಬಾಗಿಲು, ಪಕ್ಕದಲ್ಲಿ ನುಗ್ಗೆ ಗಿಡ. ನನ್ನ ಮುಖ ನೋಡಿ ಗುರುತು ಹಿಡಿಯೋಕೆ ಹೊತ್ತಾಯಿತು. "ರಾಮಣ್ಣನ ಸೊಸೆ" ಅಂತ ಕೂಗಿ ಹೇಳಿದ ಮೇಲೆ, "ಅಯ್ಯೋ, ವಾಮ್ಮಾ, ಒಕ್ಕಾರು, ಕೂತ್ಕೋ" ಅಂದರು. ಮರದ ವಿಷಯ ಕೇಳಿ ಗಡ್ಡ ಕೆರೆದರು. "ನಾನು ಬಂಡೆ ತಟ್ಟಿದವನು ಮಾ. ಮರಂ ನನಗೆ ತೆರಿಯಾದು, ಗೊತ್ತಿಲ್ಲ." ಆಮೇಲೆ ತಾವೇ ಶುರು ಮಾಡಿದರು. "ನಮ್ಮ ಗ್ಯಾಂಗಲ್ಲಿ ಒಂದು ರೂಲು ಇತ್ತು. ತಟ್ಟಿದವನೇ ಮೊದಲು ಕೆಳಗೆ ನಿಲ್ಲಬೇಕು. ಅವನು ನಿಂತ ಮೇಲೆ ಬೇರೆಯವರು. ರಾಮಣ್ಣ ನಿಂತ ಜಾಗದಲ್ಲಿ ನಾನು ಕಣ್ಣು ಮುಚ್ಚಿ ನಿಲ್ತಿದ್ದೆ ಮಾ, ಅಷ್ಟು ವರ್ಷ." ಟವೆಲ್ ಹೆಗಲಿಗೆ ಹಾಕಿಕೊಂಡರು. "ಶನಿವಾರ ಬರ್ತೀನಿ."

ಶನಿವಾರ ಬೆಳಿಗ್ಗೆ ಹಾಲಿನ ಹೊತ್ತಿಗೇ ಆಟೋ ಬಂತು. ನಾನು ಆಗಷ್ಟೇ ನಾಮಕ್ಕೆ ಕನಕಾಂಬರ ಮುಡಿಸಿ, ಊದುಬತ್ತಿ ಹಚ್ಚಿದ್ದೆ. ಸೆಲ್ವಣ್ಣ ಆಟೋ ಇಳಿದು ಎರಡು ಹೆಜ್ಜೆ ಇಟ್ಟವರು ಮರದ ಕಡೆ ನೋಡಿ ನಿಂತುಬಿಟ್ಟರು. ಕೊಂಬೆಯ ನೆರಳಿಗೂ ಕಾಲಿಡಲಿಲ್ಲ. "ಯಾರು ಹಾಕಿದ್ದು ಇದು?" ಅಂದರು. ಮುನಿಯಮ್ಮ ಹೆಮ್ಮೆಯಿಂದ, "ನಮ್ ರಾಮಣ್ಣ ಆಕಿದ್ ನಾಮ ಸಾಮಿ, ಮಾತು ಓದ್‌ಮ್ಯಾಕೆ ಆಕಿದ್ದು" ಅಂದಳು.

"ನಾಮ ಅಲ್ಲಮ್ಮಾ! ಇತ್ತ ಬನ್ನಿ! ಎಲ್ಲಾರೂ ಮೊದಲು ಇತ್ತ ಬನ್ನಿ! ವಾಂಗಮ್ಮಾ! ರಂಡಮ್ಮಾ!" ಅಂತ ಕನ್ನಡ, ತಮಿಳು, ತೆಲುಗು, ಗೊತ್ತಿರೋ ಭಾಷೆಯಲ್ಲೆಲ್ಲ ಕೂಗಿದರು. ಎಪ್ಪತ್ತು ದಾಟಿದ ಮನುಷ್ಯನ ಗಂಟಲಿಂದ ಅಂಥ ಕೂಗು ಬರುತ್ತೆ ಅಂತ ಯಾರು ಅಂದ್ಕೊಂಡಿದ್ದರು? ಹೆಂಗಸರು ಕ್ಯಾನು ಚೆಲ್ಲಿಕೊಂಡು ಈಚೆ ಓಡಿ ಬಂದರು. ಎಲ್ಲರೂ ಬಂದ ಮೇಲೇ ಅವರು ವಿಷಯ ಹೇಳಿದ್ದು. ಗಣಿಯೊಳಗೆ ತಲೆ ಮೇಲಿನ ಬಂಡೆ ಪೊಳ್ಳು ಅಂತ ಅಂಗೈಗೆ ತಿಳಿದು, ಆ ಪಾಳಿಯಲ್ಲಿ ಅದನ್ನ ಕೆಡವೋಕೆ ಹೊತ್ತಿಲ್ಲದಿದ್ದರೆ, ಮುಂದಿನ ಪಾಳಿಯವರಿಗೆ ಗೊತ್ತಾಗಲಿ ಅಂತ ನಿಮ್ಮ ಗ್ಯಾಂಗಿನವರು ಗೋಡೆಗೆ ಮೂರು ಬೆರಳು ಸುಣ್ಣ ಎಳೆದು ಬರ್ತಿದ್ದರಂತೆ. ಎಲೆ ಅಡಿಕೆಯ ಸುಣ್ಣವೇ. ಲ್ಯಾಂಪಿನ ಬೆಳಕಿಗೆ ಅದು ದೂರದಿಂದಲೇ ಕಾಣ್ತಿತ್ತಂತೆ. "ಮೂರು ಬೆರಳು ಅಂದ್ರೆ, ಕೆಳಗೆ ನಿಲ್ಲಬೇಡ. ಅಷ್ಟೇ ಮಾ. ಅದಕ್ಕೆ ನೀವು ಹೂವು ಇಟ್ಟಿದ್ದೀರಾ?"

ನಾನು ಅಲ್ಲೇ ಮಣ್ಣಲ್ಲಿ ಕೂತೆ. ಒಂದೊಂದೇ ನೆನಪಾಯಿತು. ಆ ಕಡೆ ಕಟ್ಟಿದ್ದ ಕರಿ ಹಸುವಿನ ಹಗ್ಗವನ್ನ ನೀವು ಎಡಗೈಯಲ್ಲಿ ಹಿಡಿದು, ಹಲ್ಲಲ್ಲಿ ಕಚ್ಚಿ ಬಿಚ್ಚಿದ್ದು. ನಿಮ್ಮ ಮಂಚವನ್ನ ನೆರಳಿಂದ ಎಳೆಸಿ ಮೂಡಣ ಕಡೆಯ ಬಿಸಿಲಿಗೆ ಹಾಕಿಸಿಕೊಂಡಿದ್ದು. ಮುನಿಯಮ್ಮ ಅಲ್ಲಿ ಅಕ್ಕಿ ಆರಿಸ್ತಾ ಕೂತಾಗ ನೀರಿನ ಚೊಂಬು ಎಸೆದಿದ್ದು. "ಲಕ್ವ ಹೊಡೆದ ಮೇಲೆ ಮಾವನಿಗೆ ಕೋಪ ಜಾಸ್ತಿ" ಅಂತ ನಾನೇ ಎಲ್ಲರಿಗೂ ಹೇಳಿದ್ದೆ. ಕೋಪ ಅಲ್ಲ, ಅಲ್ವಾ? ಮಾತಿಲ್ಲ, ಬಲಗೈ ಇಲ್ಲ, ಅಕ್ಷರ ಇಲ್ಲ, ಕೊನೆಗೆ ಉಳಿದಿದ್ದ ಒಂದೇ ಬರವಣಿಗೆಯಲ್ಲಿ ನೀವು ನಮಗೆ ಬರೆದಿದ್ದಿರಿ. ನಾವು ಕೈ ಮುಗಿದು ಅದರ ಕೆಳಗೇ ಬಂದು ನಿಂತೆವು. ಬೆಂಚು ಹಾಕಿದೆವು. ಅವತ್ತು ನಮ್ಮ ಮುಖ ನೋಡ್ತಾ ಗೊಣಗಿದಿರಲ್ಲ, ಎಂಥ ದಡ್ಡರ ಕೈಗೆ ಸಿಕ್ಕೆ ಅಂತಲಾ? ಇಲ್ಲ, ಇನ್ನೊಂದು ಸಲ ಹೇಳೋಕೆ ಒದ್ದಾಡ್ತಿದ್ದಿರಾ? ಆ ಕಣ್ಣೀರನ್ನೂ ಭಕ್ತಿ ಅಂದ್ಕೊಂಡೆನಲ್ಲ ಮಾವ.

ಸೆಲ್ವಣ್ಣ ನಿಮ್ಮ ಕಂಬಿ ತಗೊಂಡು ಒಬ್ಬರೇ ಮರದ ಬುಡಕ್ಕೆ ಹೋದರು. ಸುತ್ತ ತಟ್ಟಿದರು, ಏಣಿ ಹಾಕಿಸಿಕೊಂಡು ಕೊಂಬೆ ತಟ್ಟಿದರು. ಆಮೇಲೆ ನನ್ನ ಕರೆದು ನನ್ನ ಎಡ ಅಂಗೈಯನ್ನ ಮರಕ್ಕೆ ಒತ್ತಿ ಹಿಡಿದರು. "ಒತ್ತಬೇಡ, ಸುಮ್ಮನೆ ಇಡು. ಮಗು ಬೆನ್ನ ಮೇಲೆ ಕೈ ಇಡ್ತೀಯಲ್ಲ, ಹಂಗೆ." ಮೂಡಣ ಕಡೆ ತಟ್ಟಿದಾಗ ಕಂಬಿ ಪುಟಿಯಿತು, ಅಂಗೈ ತಣ್ಣಗಿತ್ತು. ಪಡುವಣ ಕೊಂಬೆಯ ಬುಡದಲ್ಲಿ ತಟ್ಟಿದರು. ಅಂಗೈ ಕೆಳಗೆ ಇರುವೆ ಹರಿದವು ಮಾವ! ಸಾಲು ಸಾಲಾಗಿ ಹರಿದವು. ಕೈ ಕಿತ್ತುಕೊಂಡೆ. "ಗೊತ್ತಾಯ್ತಾ?" ಅಂದರು. "ಕೊಂಬೆ ಒಳಗೆ ಖಾಲಿ. ಮರಂ ಪರವಾಗಿಲ್ಲ. ಕೊಂಬೆ ತೆಗಿ, ಮರ ಇರಲಿ."

ಅವತ್ತೇ ಯಾರೂ ಕೆಳಗೆ ಬರದ ಹಾಗೆ ಮರದ ಸುತ್ತ ಹಗ್ಗ ಕಟ್ಟಿ, ಹಾಲಿನ ಮೇಜನ್ನ ಸ್ಕೂಲ್ ಗೋಡೆ ಹತ್ತಿರ ಸಾಗಿಸಿದೆ. ಮುನಿಯಮ್ಮ ಮುಖ ಊದಿಸಿಕೊಂಡಳು. "ದ್ಯಾವ್ರ್ ಮುಂದೆ ನಿಲ್ತಿದ್ದೋರು ಈಗ ಗೋಡೆ ಮುಂದೆ ನಿಲ್ಲಾದಾ? ಯಾವನೋ ಏಳ್ದ ಅಂತ ನಾಮ ನಾಮ ಅಲ್ದೆ ಓಯ್ತದಾ?" ಹಗ್ಗದ ಅಂಚಿಗೇ ನಿಂತು ಕೈ ಮುಗಿದು ಹೋಗ್ತಿದ್ದಳು. ಕೊಂಬೆ ಕಡಿಯೋರು ಬುಧವಾರ ಬರ್ತೀವಿ ಅಂದಿದ್ದರು. ಅಲ್ಲಿಯವರೆಗೆ ಗಾಳಿ ಬರದೆ ಇರಲಪ್ಪ ಅಂತ ನಾನು ಎಲ್ಲ ದೇವರಿಗೂ ಹರಕೆ ಹೇಳಿಕೊಂಡೆ.

ಸೋಮವಾರ ಸಂಜೆಯೇ ಬಂತು ಗಾಳಿ. ಹಾಲಿನ ಹೊತ್ತು, ಎಲ್ಲರೂ ಸ್ಕೂಲ್ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ಕೆಂಪು ಧೂಳು ಎದ್ದು ಬೀದಿ ಕಾಣದ ಹಾಗಾಯಿತು. ದೊಡ್ಡ ಸದ್ದು ಬರುತ್ತೆ ಅಂತ ನಾನು ತಿಂಗಳುಗಟ್ಟಲೆ ಕಾದಿದ್ದೆ, ಆದರೆ ಮೊದಲು ಕೇಳಿಸಿದ್ದು ಹಳೇ ಸೀರೆ ಹರಿದ ಹಾಗೆ ಒಂದು ಸಣ್ಣ ಸದ್ದು. ಆಮೇಲೆ ನೆಲ ಅದುರಿತು. ಧೂಳು ಇಳಿದ ಮೇಲೆ ನೋಡಿದರೆ ಕೊಂಬೆ ಪೂರ್ತಿ ಸಿಮೆಂಟ್ ಬೆಂಚಿನ ಮೇಲೆ, ಬೆಂಚು ಎರಡು ತುಂಡು. ಮುನಿಯಮ್ಮ ಕ್ಯಾನು ಕೆಳಗಿಟ್ಟಳು. ನನ್ನ ರಟ್ಟೆ ಹಿಡಿದು ಹೇಳಿದಳು. "ಪದ್ಮಾ, ಅದು ನಾಮಾನೇ ಕಣೇ. ಯಾರೇನಾನ ಏಳ್ಲಿ."

ಕೊಂಬೆ ಸಿಗಿದಾಗ ಒಳಗೆಲ್ಲ ಸುರಂಗ. ನಿಮ್ಮ ಗಣಿಯೂ ಹೀಗೇ ಇತ್ತೇನೋ ಅನ್ನಿಸಿತು. ಬೆರಳು ಗಾತ್ರದ ಬಿಳಿ ಹುಳಗಳು ಹೊರಳಾಡ್ತಿದ್ದವು. ಕೋಳಿಗಳಿಗೆ ಅವತ್ತು ಹಬ್ಬ. ಹುಳ ಇದ್ದ ಭಾಗ ಸುಡು ಅಂದಳು ಇಲಾಖೆ ಹುಡುಗಿ, ಸುಟ್ಟೆ. ಪೂರ್ತಿ ಲಡ್ಡು ಹಿಡಿದಿದ್ದ ತುಂಡುಗಳನ್ನ ಹೊಲದ ಬದುವಿಗೆ ಹಾಕಿದ್ದೀನಿ, ಗೆದ್ದಲು ಅದರ ಪಾಡಿಗೆ ಅದು ಕೆಲಸ ಮಾಡ್ತಿದೆ. ಕಾಡಿನಲ್ಲಿ ನೀವು ತೋರಿಸಿದ್ದ ಕರಿ ಮಣ್ಣು ಅಲ್ಲೂ ಆಗುತ್ತೇನೋ ಅಂತ ಆಗಾಗ ಹೋಗಿ ನೋಡ್ತೀನಿ. ತವರಿನ ತೋಟದಿಂದ ಕೆಂಜಿಗದ ಗೂಡೊಂದನ್ನ ಕವರಿನಲ್ಲಿ ಕಟ್ಟಿ ತಂದು ಮರಕ್ಕೆ ಬಿಟ್ಟೆ. ಬಸ್ಸಿನಲ್ಲಿ ಕವರ್ ತೂತಾಗಿ ಕಂಡಕ್ಟರನ್ನೂ ಕಚ್ಚಿದವು, ಅದೊಂದು ಬೇರೆ ಕತೆ.

ಇನ್ನೊಂದು ವಿಷಯ, ಬೇಜಾರು ಮಾಡ್ಕೋಬೇಡಿ. ಮರ ಹಾಳು ಮಾಡುತ್ತೆ ಅಂತ ನೀವು ಕಲ್ಲು ಹೊಡೆದು ಓಡಿಸ್ತಿದ್ದಿರಲ್ಲ ಮರಕುಟಿಗ, ಅದು ಈ ಹುಳ ತಿನ್ನೋಕೇ ಬರ್ತಿದ್ದಿದ್ದು. ಮೊನ್ನೆ ಕೂತು ನೋಡಿದೆ. ತಟ್ಟುತ್ತೆ, ನಿಲ್ಲುತ್ತೆ, ತಲೆ ಓರೆ ಮಾಡುತ್ತೆ, ಇನ್ನೊಂದು ಕಡೆ ತಟ್ಟುತ್ತೆ, ಪೊಳ್ಳು ಸಿಕ್ಕಿದ ಮೇಲೇ ಕೊರೆಯುತ್ತೆ. ನಿಮ್ಮ ಗ್ಯಾಂಗಿನವನಿಗೇ ಅಷ್ಟು ವರ್ಷ ಕಲ್ಲು ಹೊಡೆದಿದ್ದೀರಿ ಮಾವ.

ಇವತ್ತು ಬೆಳಿಗ್ಗೆ ಆಗಿದ್ದು ಹೇಳಿ ಮುಗಿಸ್ತೀನಿ. ಮೂಡಣ ಕಡೆ ಕಟ್ಟಿದ್ದ ಗೌರಿ ಬೆನ್ನ ಮೇಲೆ ಮತ್ತೆ ಪುಡಿ. ಈ ಕಡೆಯೂ ಹೋದರೆ ಇನ್ನು ಮರ ಎಲ್ಲಿ? ನಿಮ್ಮ ಮಗ 'ಕಡಿಸು' ಅಂತಾರೆ, ಸೆಲ್ವಣ್ಣನಿಗೆ ಕಾಲು ಊತ, ಬರೋಕಾಗಲ್ಲ. ನಿಮ್ಮ ಸುಣ್ಣದ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಕಂಬಿ ತಗೊಂಡೆ, ಬಳೆ ಬಿಚ್ಚಿಟ್ಟೆ. ಗೌರಿಯನ್ನ ದೂರ ಕಟ್ಟಿ ಬಂದು ಅಂಗೈ ಇಟ್ಟೆ, ಮಗು ಬೆನ್ನ ಮೇಲೆ ಇಟ್ಟ ಹಾಗೆ. ತಟ್ಟಿದೆ. ಕಂಬಿ ಪುಟಿಯಿತು. ಇನ್ನೂ ಮೇಲೆ ತಟ್ಟಿದೆ. ಪಕ್ಕಕ್ಕೆ ಸರಿದು ತಟ್ಟಿದೆ. ಅಂಗೈ ಸುಮ್ಮನಿತ್ತು. ನನ್ನ ಭಯಕ್ಕೇ ಹಾಗನ್ನಿಸ್ತಿದೆಯೇನೋ ಅಂತ ಮರ ಪೂರ್ತಿ ಮತ್ತೆ ಸುತ್ತಿ ಬಂದೆ. ಆಗಲೂ ಸುಮ್ಮನಿತ್ತು. ತೂತು ಹೊಸದು, ಹುಳ ಇನ್ನೂ ಚಿಕ್ಕದು, ತಂತಿಗೆ ಸಿಕ್ಕಿತು. ಕೋಳಿಗೆ ಹಾಕಿ ಮಣ್ಣು ಮೆತ್ತಿದೆ.

ಸುಣ್ಣದ ಡಬ್ಬಿ ತೆಗೆಯಲಿಲ್ಲ ಮಾವ. ಸ್ಕೂಲ್ ಗೋಡೆಯ ಬಿಸಿಲಲ್ಲಿ ಹೆಂಗಸರು ಬೇಯ್ತಿದ್ದಾರೆ, ನಾಳೆಯಿಂದ ಮೂಡಣ ನೆರಳಿಗೆ ಬನ್ನಿ ಅಂತ ಮುನಿಯಮ್ಮನ ಕೈಲಿ ಹೇಳಿ ಕಳಿಸಿದ್ದೀನಿ. ಹೇಳಿ ಕಳಿಸಿದ ಮೇಲೆ ಇನ್ನೂ ಎರಡು ಸಲ ಹೋಗಿ ತಟ್ಟಿ ಬಂದೆ. ಆದರೂ ಬೆಳಿಗ್ಗೆ ಅವರೆಲ್ಲ ಬರೋಕೆ ಮುಂಚೆ ನಾನು ಹೋಗಿ ಆ ಮೂಡಣ ಕೊಂಬೆ ಕೆಳಗೆ ನಿಂತಿರ್ತೀನಿ. ತಟ್ಟಿದವಳು ನಾನಲ್ವಾ.

ನಿಮ್ಮ ಸೊಸೆ,
ಪದ್ಮ